ಏಕಾದಶಿ ಹಿಡಿದ ರಾಕ್ಷಸರು

ಒಂಟಿ ಇದ್ದೋರ ಮನ್ಯಾಗ ಏನಾರ ಒಂದು ಆಗತಿರತೈತಿ. ಆಗದಿದ್ರ ನಾವೇ ಮಾಡ್ಕೊಂತೀವಿ.

ಮಗ, ಸೊಸಿ ಮುಂಜಾನಿ ನಾರಾಯಣಪೇಟದ ಮಗ್ಗದ ಶೆಡ್ಡಿಗೆ ಹೋದ್ರ ಬರೋದು ಸಂಜಿಗೇ. ನನ್ನ ಮೊಣಕಾಲು ಹೋದಮ್ಯಾಲ ಮನಿಯಾಗ ನಾ ಕುಣಿಯಾಗ ಕಾಲು ಇಳಿಬಿಟ್ಟು ನೇಯತಿದ್ದ ಮಗ್ಗ ಸುಮ್ಮನಾತು. ಮೊಮ್ಮಗಳು ಲಗ್ನಾಗಿ ಗದ್ವಾಲಕ್ಕ ಹೋಗುವಾಗ ತನ್ನ ಹಳೇ ಕಂಪ್ಯೂಟರು ನನಗ ಬಿಟ್ಟು ಹೋದ್ಲು. ಅದರಾಗ ಒಂದು ಆಟ. ಭೂಮಿಯೊಳಗ ಗುಹೆ ತೋಡಿ ರಾಕ್ಷಸರನ್ನ ಸಾಕಬೇಕು. ಮ್ಯಾಲಿಂದ ಒಳ್ಳೇ ಮಂದಿ ಕತ್ತಿ ಹಿಡಕೊಂಡು ಬಂದ್ರ ಹಿಡಿದು ಜೇಲಿಗೆ ಹಾಕಬೇಕು. ನಾವು ಕೆಟ್ಟವರ ಕಡೆ. ಕುಣಿಯಾಗ ಕಾಲಿಟ್ಟು ಬಾಳೇ ಮಾಡಿದಾಕಿಗೆ ಭೂಮಿಯೊಳಗಿನ ಸಂಸಾರ ಏನು ಹೊಸದು?

"ಅಜ್ಜೀ, ನನ್ನ ರಾಕ್ಷಸರನ್ನ ಜ್ವಾಕಿ ಮಾಡು" ಅಂದಿದ್ಲು. ಫೋನ್ ಮಾಡಿದ್ರ ಮೊದಲು ಅವರನ್ನೇ ಕೇಳ್ತಾಳ. ನನ್ನ ಮೊಣಕಾಲು ಆಮ್ಯಾಲ. ಅವರು ಹೋದ್ರ ಫೋನೂ ನಿಂತೀತು ಅಂತ ನನಗ ಅಂಜಿಕಿ.

ಬೆನ್ನು ಸವರಿದ್ದು

ಮಣ್ಣು ತೋಡೋ ಸಣ್ಣ ಪಿಶಾಚಿಗಳು ಅದಾವ. ಪಾಪ, ದಣದಾವು ಅಂತ ಆಟದಾಗಿನ ಕೈಯಿಂದ ಒಬ್ಬೊಬ್ಬರ ಬೆನ್ನು ಸವರ್ತಿದ್ದೆ. ಸವರಿದ ಕೂಡಲೇ ಜಿಗಿದು ಇನ್ನೂ ಜೋರು ತೋಡೋವು. ಪ್ರೀತಿಗೆ ಎಷ್ಟು ಹಿಗ್ಗತಾವ ನೋಡು ಅಂತ ಮೊಮ್ಮಗಳಿಗೆ ಹೇಳಿದೆ.

"ಅಯ್ಯ ಅಜ್ಜೀ! ಅದು ಸವರೋ ಕೈಯಲ್ಲ, ಹೊಡೆಯೋ ಕೈ!"

ನನಗ ವಿಚಾರ ಹತ್ತಿತು. ಸಂಜಿಗೆ ಸೊಸಿನ್ನ ಕೇಳಿದೆ: "ನೀ ಹೊಸದಾಗಿ ಬಂದಾಗ ನಾ ನಿನ್ನ ಬೆನ್ನು ಸವರ್ತಿದ್ನಲ್ಲವ್ವಾ, ನಿನಗ ಹ್ಯಾಂಗ ಅನಸ್ತಿತ್ತು?"

ಸೊಸಿ ರೊಟ್ಟಿ ಇನ್ನೂ ಜೋರು ಬಡದಳು.

ಜೇಲಿನಾಗ ಪಂಕ್ತಿ

ಸೆರೆ ಸಿಕ್ಕವರಿಗೆ ಊಟ ಹಾಕಬಾರದಂತ. ಹಸಿದು ಸತ್ರ ಎಲುಬಿನ ಹಂದರ ಆಗಿ ಎದ್ದು ನಮ್ಮ ಕಡೆ ದುಡೀತಾರಂತ. ಮನಿಗೆ ಬಂದೋರನ್ನ ಹ್ಯಾಂಗ ಉಪವಾಸ ಕೆಡವಲಿ? ಆಟದಾಗ ಇರೋದು ಕೋಳಿ ಒಂದೇ. ನಾ ತುಳಸಿ ಮಾಲಿ ಹಾಕ್ಕೊಂಡಾಕಿ, ಕೋಳಿ ಮುಟ್ಟಂಗಿಲ್ಲ. ಕೈಗೆ ಸೆರಗು ಸುತ್ತಿ ಮೌಸ್ ಹಿಡಿದು ಒಬ್ಬೊಬ್ಬರಿಗೆ ಬಡಿಸಿದೆ. ಯಾರೂ ಸಾಯಲಿಲ್ಲ. ಜೇಲು ಛತ್ರ ಆತು.

ಸಕ್ರಿ ಕೇಳಾಕ ಬಂದ ಬಾಜೂ ಮನಿಯಾಕಿ ಬಗ್ಗಿ ನೋಡಿದಳು. "ಏನ್ರೀ, ನಿಮ್ಮ ಕೈದಿಗಳು ನಿಮ್ಮ ಮಗನಕಿಂತ ಮೈ ತುಂಬಿಕೊಂಡಾರಲ್ರೀ!"

ಪಾರಣಿಗೆ ಯಾರೂ ಇಲ್ಲ

ಏಕಾದಶಿ ಬಂತು. ನಾ ಉಪವಾಸ. ನನ್ನ ಮನ್ಯಾಗ ಇದ್ದಮ್ಯಾಲ ರಾಕ್ಷಸರಿಗೂ ಒಂದಿಷ್ಟು ಪುಣ್ಯ ಬರಲಿ ಅಂತ ಕೋಳಿಗೂಡಿನ ಬಾಗಲಾ ಹಾಕಿ ಕೀಲಿ ಜಡಿದೆ. ಮುಖಾ ಕೆಂಪು ಮಾಡ್ಕೊಂಡು ಕಾಲು ಅಪ್ಪಳಿಸಿದ್ರು. "ತಡೀರಪ್ಪಾ, ನಾಳಿ ಪಾರಣಿ ಐತಿ" ಅಂದು ಭಜನಿಗೆ ಹೋದೆ.

ಬಂದು ನೋಡಿದ್ರ ಗುಹೆ ಬಿಕೋ ಅಂತಿತ್ತು. ಸಿಟ್ಟಾಗಿ ಎಲ್ಲಾ ಹೊಂಟು ಹೋಗಿದ್ರು. ಮಗ್ಗ ನಿಂತ ದಿನ ಮನಿ ಇಷ್ಟೇ ಸುಮ್ಮನಿತ್ತು. ಒಬ್ಬ ಡೊಳ್ಳುಹೊಟ್ಟಿಯವ ಮಾತ್ರ ಮಲಗಿದ್ದ. ಅವಗ ಏಕಾದಶಿ ಬಂದದ್ದೇ ಗೊತ್ತಿಲ್ಲ.

ಅಷ್ಟರಾಗ ಫೋನು.

"ಹ್ಯಾಂಗದಾರಜ್ಜೀ ನಮ್ಮವರು?"

"ಎಲ್ಲಾರೂ ಬಿಟ್ಟು ಹೋದ್ರವ್ವಾ."

"ನೀ ಅಳಾಕತ್ತೀ ಏನು?"

"ಇಲ್ಲವ್ವಾ, ಜ್ವಾಳ ಕೇರಾಕತ್ತೀನಿ. ದೂಳು."

ಮರುದಿನ ಗದ್ವಾಲದ ಬಸ್ಸಿಗೆ ಬಂದೇ ಬಿಟ್ಲು. ಚಪ್ಪಲಿ ಬಿಟ್ಟವಳೇ ಕುಂತು ಎರಡು ಕಡೆ ಒತ್ತಿದ್ಲು, ಹೋದವರೆಲ್ಲಾ ಹಾಜರ್! "ಆಟ ಹಿಂದಿನದನ್ನ ತಾನೇ ಉಳಿಸಿ ಇಟ್ಟಿರತೈತಿ. ಬಾ ಕಲಸ್ತೀನಿ, ನೀನೂ ಮಾಡಬಹುದು."

"ಬ್ಯಾಡವ್ವಾ. ನನಗ ಓದಾಕ ಬರಂಗಿಲ್ಲ."

ನನ್ನ ಕೈಲೆ ತಲಿಗೆ ಎಣ್ಣಿ ಹಚ್ಚಿಸಿಕೊಂಡ್ಲು, ಬಿಸಿ ರೊಟ್ಟಿ ಉಂಡ್ಲು, ಎರಡು ದಿನ ಇದ್ಲು. ಬಸ್ ಹತ್ತುವಾಗ ಬೆರಳು ತೋರಿಸಿ, "ಇನ್ನೊಮ್ಮೆ ಅವರನ್ನ ಉಪವಾಸ ಕೆಡವಬ್ಯಾಡ, ನೋಡು" ಅಂದ್ಲು.

"ಇಲ್ಲವ್ವಾ ಇಲ್ಲ" ಅಂದೆ.

ಮನಿಗೆ ಬಂದಾಕಿ ಮೊದಲು ಸೊಸಿನ್ನ ಕೇಳಿದೆ: "ಮುಂದಿನ ಏಕಾದಶಿ ಯಾವಾಗ ಐತವ್ವಾ?"