ಬ್ರೇಕು ಸವೆಸಿದವರು ಯಾರು?

ಕಾರಿನ ಬ್ರೇಕು ಸವೆದದ್ದು ತಮ್ಮ ಕಾಲಿನಿಂದಲ್ಲ, ಹೆಂಡತಿಯ ಬಾಯಿಂದ ಎಂಬುದು ದೇವಿಂದ್ರಪ್ಪನವರ ದೃಢ ನಂಬಿಕೆಯಾಗಿತ್ತು. ಬಸವಕಲ್ಯಾಣದ ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಸ್ಟೀಲ್ ಪಾತ್ರೆ ಮಾರುತ್ತಿರುವ ಮನುಷ್ಯ. ತಳಕ್ಕೆ ಬೆರಳಿನಿಂದ ಬಡಿದು ಪಾತ್ರೆಯ ಕುಲಗೋತ್ರ ಹೇಳಬಲ್ಲವರು. ಅಂಥವರಿಗೆ ತಮ್ಮ ಕಾರಿನ ಗುಣ ತಿಳಿಯದೇ?

ಕಾರು ಸೆಕೆಂಡ್ ಹ್ಯಾಂಡ್. ದುಬಲಗುಂಡಿಯ ಡಾಕ್ಟರೊಬ್ಬರಿಂದ ಕೊಂಡು ಒಂದೂವರೆ ವರ್ಷವಾಗಿತ್ತು. ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡದ್ದು ಗಂಡ ಹೆಂಡತಿ ಇಬ್ಬರೂ. ಆದರೆ ಮನೀಷಾಳ ಕೈ ಸ್ಟೇರಿಂಗಿಗೆ ತಾಗುತ್ತಿದ್ದದ್ದು ಒದ್ದೆ ಬಟ್ಟೆಯಿಂದ ಒರೆಸುವಾಗ ಮಾತ್ರ. ಚಾವಿ ದೇವಿಂದ್ರಪ್ಪನವರ ಒಳ ಅಂಗಿಯ ಜೇಬಿನಲ್ಲಿ, ಎದೆಗೆ ಹತ್ತಿರವಾಗಿ ವಾಸವಾಗಿತ್ತು. (ರಾತ್ರಿ ದಿಂಬಿನ ಕೆಳಗೆ.) ಆ ಚಾವಿಯ ಮೇಲೆ ಮನೀಷಾಳ ಕಣ್ಣು ಇತ್ತು, ಅದು ಅವರಿಗೂ ಗೊತ್ತಿತ್ತು.

ತಿಂಗಳ ಹಿಂದೆ ಬ್ರೇಕು ಒತ್ತಿದಾಗೆಲ್ಲ ಕಾರು "ಕೀಂ" ಎಂದು ಕಿರುಚತೊಡಗಿತು. ದೇವಿಂದ್ರಪ್ಪನವರಿಗೆ ಇದರಿಂದ ಸಂತೋಷವೇ ಆಯಿತು. ಪೇಟೆಯಲ್ಲಿ ಹಾರ್ನ್ ಬಾರಿಸುವ ಕೆಲಸ ತಪ್ಪಿತು, ಜನ ತಾವಾಗಿ ದಾರಿ ಬಿಟ್ಟು ಗೋಡೆಗೆ ಆತುಕೊಂಡು ನಿಂತರು. ರಾಜಮರ್ಯಾದೆ! ಆಮೇಲೆ ಒಂದು ದಿನ ಸ್ಟೇರಿಂಗಿನ ಹಿಂದಿನ ಮೀಟರಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು.

"ರೀ, ಅಲ್ಲಿ ಕೆಂಪು ದೀಪ ಹತ್ಯಾದ ನೋಡ್ರಿ."

"ಹತ್ಲಿ ಬಿಡು. ಗಾಡಿ ಚಾಲೂ ಅದ ಅಂತ ತೋರಸ್ತದ."

"ಹೋದ ವಾರ ಚಾಲೂ ಇದ್ದಿದ್ದಿಲ್ಲೇನ್ರಿ?"

ಮನೀಷಾ ಡ್ಯಾಶ್‌ಬೋರ್ಡಿನ ಗೂಡಿನಿಂದ ಕಾರಿನ ಪುಸ್ತಕ ತೆಗೆದು ಓದಿದಳು. ಬ್ರೇಕ್ ಎಣ್ಣೆ ಇಳಿದಿದೆ, ಪ್ಯಾಡ್ ಸವೆದಿರಬಹುದು, ಕೂಡಲೇ ತೋರಿಸಿ ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

"ಆ ಪುಸ್ತಕ ಬರ್ದವ್ರು ಯಾರು? ಗಾಡಿ ಮಾರೋರು" ಎಂದು ದೇವಿಂದ್ರಪ್ಪ ನಕ್ಕರು. "ನಾನೂ ವ್ಯಾಪಾರಿನೇ ಇದ್ದೀನಿ. ಗಿರಾಕಿಗಿ ಹೆದರಸೋದು ನನಗ ಕಲಸಬ್ಯಾಡ."

ನಗು ಮೂರೇ ದಿನದಲ್ಲಿ ನಿಂತಿತು. ತಮ್ಮ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೋದಾಗ ಪೆಡಲು ಪಾತಾಳಕ್ಕಿಳಿದಂತೆ ಇಳಿಯಿತು. ಒಪ್ಪವಾಗಿ ಜೋಡಿಸಿಟ್ಟಿದ್ದ ಕೊಡಗಳ ಸಾಲಿಗೆ ಗೇಣಷ್ಟೇ ಉಳಿದಿರುವಾಗ ಕಾರು ನಿಂತಿತು. ಬೆವರು ಒರೆಸಿಕೊಂಡ ದೇವಿಂದ್ರಪ್ಪ ಆಗಲೇ ರಿಪೇರಿಗೆ ಒಪ್ಪಿದರು. ಆದರೆ ಬಸವಕಲ್ಯಾಣದ ಗ್ಯಾರೇಜು ಬೇಡ. "ನನ್ನ ಗಾಡಿ ಇನ್ನೂ ಗ್ಯಾರೇಜಿನ ಮುಖ ನೋಡಿಲ್ಲ" ಎಂದು ಇಡೀ ಪೇಟೆಗೆ ಹೇಳಿಕೊಂಡು ತಿರುಗಿದವರು ಈಗ ಅದೇ ಪೇಟೆಯ ಕಣ್ಣೆದುರು ಗಾಡಿಯ ಗಾಲಿ ಬಿಚ್ಚಿಸುವುದೇ? ಮನೀಷಾಳ ತವರೂರು ಹುಮನಾಬಾದಿನಲ್ಲಿ ಮುಜಾಫರ್ ಎಂಬ ಮಿಸ್ತ್ರಿ ಇದ್ದ. ಅಲ್ಲಿಯೇ ಆಗಲಿ ಎಂದರು. ಫೋನಿನಲ್ಲಿ ಮುಜಾಫರ್, "ಎಣ್ಣಿ ತುಂಬಿಸಿ ಇವತ್ತೇ ಬರ್ರಿ, ಜೋರ್ ಓಡಸಬ್ಯಾಡ್ರಿ" ಎಂದ.

ಬ್ರೇಕ್ ಎಣ್ಣೆ ತುಂಬಿಸಿಯಾಯಿತು, ಹೊರಡುವ ಮುಂಚೆ ವಾಗ್ಯುದ್ಧವಾಯಿತು.

"ನೀ ಬಾಜೂಕ ಕುಂತು ಹಳೂ, ಹಳೂ ಅಂತೀಯಲ್ಲ, ಆವಾಗೆಲ್ಲ ನನ್ನ ಕಾಲು ತಾನೇ ಬ್ರೇಕಿಗಿ ಹೋಗ್ತದ. ಈ ಪ್ಯಾಡ್ ತಿಂದಿದ್ದು ನಿನ್ನ ಬಾಯಿ, ಮನೀಷಾ."

"ಹೌದೇನ್ರಿ? ಹಂಗಾದ್ರ ಹುಮನಾಬಾದ ತನಕ ನಾ ಪಿಟ್ ಅನ್ನಂಗಿಲ್ಲ. ಪಿಟ್ ಅಂದ್ರ ಖರ್ಚೆಲ್ಲ ನನ್ನ ಸೀರಿ ರೊಕ್ಕದಾಗ ಹಿಡೀರಿ. ನಾ ಸುಮ್ನಿದ್ದಾಗೂ ಬ್ಯಾಡದ ಕಡಿ ಬ್ರೇಕ್ ಬಿತ್ತಂದ್ರ ಚಾವಿ ನನಗ ಕೊಡ್ಬೇಕು."

"ಕೊಟ್ಟೆ ಹೋಗು!" ಎಂದು ದೇವಿಂದ್ರಪ್ಪ ಎದೆ ತಟ್ಟಿಕೊಂಡರು. ಚಾವಿ ಒಳಗಿನಿಂದ ಝಣ್ ಎಂದಿತು.

ತೀರ್ಪು ಹೇಳಲು ಹಿಂದಿನ ಸೀಟಿನಲ್ಲಿ ಅವರ ತಾಯಿ ಸುಂದರಬಾಯಿ ಕುಳಿತರು. ಮಡಿಲಲ್ಲಿ ಒಂದು ಹಿಡಿ ಹುಣಸೆ ಬೀಜ, ಅಂಗಡಿಯಿಂದ ತಂದ ಎರಡು ಸ್ಟೀಲ್ ಬಟ್ಟಲು. ಒಂದು ಬೇಕಾದ ಬ್ರೇಕಿಗೆ, ಇನ್ನೊಂದು ಬೇಡದ ಬ್ರೇಕಿಗೆ. ಕಳ್ಳಾಟಕ್ಕೆ ಅವಕಾಶವೇ ಇರಲಿಲ್ಲ. ಕಾಲು ಇಟ್ಟರೆ ಸಾಕು, ಕಾರು ತಾನೇ ಕಿರುಚಿ ಸಾಕ್ಷಿ ಹೇಳುತ್ತಿತ್ತು. ಮಗನ ಪರವಾಗಿಯೇ ತಾಯಿ ಇರುತ್ತಾಳೆಂಬ ಧೈರ್ಯ ದೇವಿಂದ್ರಪ್ಪನವರದು. ಮನೀಷಾ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಂದೆ ಕುಳಿತಳು.

ಓಣಿಯ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಕೀಂ! ಬೇಕಾದ ಬಟ್ಟಲಿಗೆ ಟಣ್. ಆರಂಭ ಶುಭವಾಯಿತು.

ಬಸ್ ಸ್ಟ್ಯಾಂಡಿನ ಹತ್ತಿರ ಮೋರಖಂಡಿಯ ಮಚ್ಚೇಂದ್ರ ಮಾಸ್ತರರು ನಿಂತಿದ್ದರು. ಇಲ್ಲೊಂದು ಮಾತು ಹೇಳಬೇಕು. ಕಾರಿನಲ್ಲಿ ಹೋಗುವವನು ಪರಿಚಯದವರನ್ನು ಕಂಡೂ ನಿಲ್ಲಿಸದೆ ಹೋದರೆ, ಗಾಡಿ ಬಂದ ಮೇಲೆ ಇವನ ತಲೆ ತಿರುಗಿತು ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿಯಾಗುತ್ತದೆ. ಆದ್ದರಿಂದ ನಿಲ್ಲಿಸಬೇಕು, ಗಾಜು ಇಳಿಸಬೇಕು, ಬರ್ತೀರೇನ್ರಿ ಎಂದು ಕೇಳಬೇಕು. ಅವರು ಒಲ್ಲೆ ಅನ್ನಬೇಕು. ದೇವಿಂದ್ರಪ್ಪ ಈ ವ್ರತವನ್ನು ಒಂದೂವರೆ ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ.

ಕೀಂ!

"ಬರ್ತೀರೇನ್ರಿ ಮಾಸ್ತರೇ, ಹುಮನಾಬಾದಿಗಿ?"

"ಇಲ್ರಿ ಸಾವಕಾರ್ರೇ, ನಾ ಊರಿಗಿ ಹೊಂಟೀನಿ."

ಹಿಂದಿನಿಂದ ಟಣ್ ಎಂದಿತು. ಬೇಡದ ಬಟ್ಟಲು.

"ಅವ್ವಾ! ಇದು ಮರ್ಯಾದಿ ಬ್ರೇಕು!"

"ಮರ್ಯಾದಿ ಬಟ್ಟಲ ತಂದಿಲ್ಲಪ್ಪ. ಎರಡೇ ಅವ" ಎಂದರು ಸುಂದರಬಾಯಿ.

ಮುಂದೆ ಚಹಾದ ಅಂಗಡಿಯಲ್ಲಿ ಕುಳಿತವರೊಬ್ಬರು ಇವರನ್ನು ನೋಡಿರಲೇ ಇಲ್ಲ. ದೇವಿಂದ್ರಪ್ಪ ಹಾರ್ನ್ ಹೊಡೆದು, ನೋಡುವಂತೆ ಮಾಡಿ, ಆಮೇಲೆ ನಿಲ್ಲಿಸಿ ಕೇಳಿದರು. ಕೀಂ, ಟಣ್. ಹೆದ್ದಾರಿಗೆ ಬಂದ ಮೇಲೆ ಬೆನ್ನು ತಿರುಗಿಸಿ ನಿಂತವನೊಬ್ಬ ಚಿಕ್ಕಪ್ಪನ ಮಗನಂತೆ ಕಂಡ. ಕೀಂ. ಮುಖ ತಿರುಗಿಸಿದರೆ ಯಾರೋ ಅಪರಿಚಿತ. ನಿಲ್ಲಿಸಿದ್ದಕ್ಕೆ ಅವನನ್ನೂ ಕೇಳಲೇಬೇಕಾಯಿತು. ಅವನೂ ಒಲ್ಲೆ ಎಂದ. ಟಣ್. ರಾಜೇಶ್ವರದಲ್ಲಿ ಸುಂದರಬಾಯಿಯವರೇ ಗೆಳತಿಯೊಬ್ಬಳನ್ನು ಕಂಡು, "ನಿಲ್ಲಸೋ ದೇವಿಂದ್ರಾ!" ಎಂದು ಕೂಗಿದರು. ಮಾತು ಮುಗಿಸಿ ಗಾಜು ಏರಿಸಿ, ಬೀಜವೊಂದನ್ನು ತೆಗೆದು ನಿರ್ವಿಕಾರವಾಗಿ ಬೇಡದ ಬಟ್ಟಲಿಗೇ ಹಾಕಿದರು.

"ಅವ್ವಾ, ನೀನೇ ಹೇಳಿದ್ದಲ್ಲ?"

"ಹೇಳಿದ್ದು ನಾನು. ಒತ್ತಿದ್ದು ನಿನ್ನ ಕಾಲು."

ಮನೀಷಾ ಸೆರಗು ಕಚ್ಚಿಕೊಂಡೇ ಕುಳಿತಿದ್ದಳು. ನಗು ತಡೆದು ತಡೆದು ಅವಳ ಕಣ್ಣಲ್ಲಿ ನೀರು ಬಂದಿತ್ತು, ಒಂದು ಅಕ್ಷರ ಮಾತ್ರ ಹೊರಬೀಳಲಿಲ್ಲ. ಹುಮನಾಬಾದ್ ಮುಟ್ಟಿದಾಗ ಬೇಕಾದ ಬಟ್ಟಲಿನಲ್ಲಿ ನಾಲ್ಕು ಬೀಜ, ಬೇಡದ್ದರಲ್ಲಿ ಹದಿಮೂರು.

ಮುಜಾಫರ್ ಗಾಲಿ ಬಿಚ್ಚಿ ಪ್ಯಾಡ್ ಹೊರಗೆ ತೆಗೆದ. ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ.

"ಇದು ಪ್ಯಾಡ್ ಏನ್ರಿ, ಇಸ್ಪೀಟ ಎಲಿ ಆಗ್ಯಾದ. ಸಾವಕಾರ್ರು ಟ್ಯಾಕ್ಸಿ ಓಡಸ್ತೀರೇನು?"

"ಇಲ್ಲಲ್ಲ, ಮನಿ ಗಾಡಿ."

"ಸುಳ್ಳ ಹೇಳಬ್ಯಾಡ್ರಿ. ಹಾದ್ಯಾಗ ನಿಂತು ನಿಂತು ಮಂದಿ ಏರಿಸೋ ಗಾಡಿಗಿ ಹಿಂಗ ಸವೀತಾವು. ಮನಿ ಗಾಡಿದು ಇದರ ಮೂರು ಪಟ್ಟು ಬಾಳಕಿ ಬರ್ತದ."

ಮನೀಷಾ ಆಗ ಬಾಯಿಂದ ಸೆರಗು ತೆಗೆದಳು. ಕೈ ಮಾತ್ರ ಮುಂದೆ ಚಾಚಿದಳು.

"ತಡಿ, ಮೊದಲ ಹಿಸಾಬು ಆಗ್ಲಿ" ಎಂದು ದೇವಿಂದ್ರಪ್ಪ ಮಿಸ್ತ್ರಿಯ ಕಡೆ ತಿರುಗಿದರು. ಪ್ಯಾಡಿನ ಜೊತೆ ಡಿಸ್ಕಿಗೂ ಗೀರು ಬಿದ್ದಿತ್ತು. ಒಂದು ತಿಂಗಳು ಮೊದಲೇ ಬಂದಿದ್ದರೆ ಪ್ಯಾಡಿನ ಎರಡು ಸಾವಿರದಲ್ಲಿ ಮುಗಿಯುತ್ತಿತ್ತು, ಈಗ ಏಳು ಸಾವಿರ ಎಂದ ಮುಜಾಫರ್. ದೇವಿಂದ್ರಪ್ಪನವರೊಳಗಿನ ಪಾತ್ರೆ ವ್ಯಾಪಾರಿ ಎದ್ದು ಕುಳಿತ.

"ಹಳೇವು ತೂಕಕ್ಕ ಹಾಕ್ರಿ. ಅದರ ರೊಕ್ಕ ಕಡಿಮಿ ಮಾಡ್ಕೊಂಡು ಹೊಸಾವು ಕೊಡ್ರಿ. ನಮ್ಮ ಅಂಗಡ್ಯಾಗ ನಾವು ಹಂಗೇ ಮಾಡ್ತೀವಿ."

"ತೂಗಲಾಕ ಏನ್ ಉಳದದ್ರಿ? ನಿಮ್ಮ ಪ್ಯಾಡೆಲ್ಲ ಬಸವಕಲ್ಯಾಣದಿಂದ ಹುಮನಾಬಾದ ತನಕ ರಸ್ತಾದ ಮ್ಯಾಲೆ ಬಿದ್ದದ. ಬಳ್ಕೊಂಡು ತಂದ್ರ ತೂಗ್ತೀನಿ."

ಸುಂದರಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವಿಂದ್ರಪ್ಪ ಏಳು ಸಾವಿರ ಎಣಿಸಿದರು. ಆಮೇಲೆ ಒಳ ಅಂಗಿಯೊಳಗೆ ಕೈ ಹಾಕಿ, ಕರುಳು ಕೀಳುವವರಂತೆ ಮುಖ ಮಾಡಿ, ಚಾವಿ ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟರು.

ಮನೀಷಾ ಸೀಟು ಮುಂದೆ ಎಳೆದುಕೊಂಡು, ಕನ್ನಡಿ ಸರಿ ಮಾಡಿಕೊಂಡು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕಾರನ್ನು ರಸ್ತೆಗೆ ತಂದಳು. ಅವಳ ಮುಖ ನೋಡಿದರೆ ಯಾರಿಗಾದರೂ ಖುಷಿಯಾಗುತ್ತಿತ್ತು. ದೇವಿಂದ್ರಪ್ಪನವರಿಗೂ ಸ್ವಲ್ಪ ಆಯಿತು, ಆದರೆ ತೋರಿಸಲಿಲ್ಲ. ರಾಜೇಶ್ವರದ ಹತ್ತಿರ ತಮ್ಮ ಓಣಿಯ ಹಿರಿಯರಾದ ವೈಜನಾಥ ಕಾಕಾ ಗಂಟು ಹಿಡಿದು ನಿಂತಿದ್ದರು. ಮನೀಷಾ ಮೆತ್ತಗೆ ನಿಲ್ಲಿಸಿ ಕೇಳಿದಳು. ವೈಜನಾಥ ಕಾಕಾ ಒಲ್ಲೆ ಅನ್ನಲಿಲ್ಲ! ಬಾಗಿಲು ತೆಗೆದೇಬಿಟ್ಟರು. ಮೊಣಕಾಲು ನೋವೆಂದು ಅವರಿಗೆ ಮುಂದಿನ ಸೀಟು, ದೇವಿಂದ್ರಪ್ಪ ಹಿಂದೆ, ತೊಡೆಯ ಮೇಲೆ ಕಾಕಾನ ಉಳ್ಳಾಗಡ್ಡಿ ಗಂಟು.

"ಕಾಕಾ, ನಾ ಎಷ್ಟು ಸಲ ಕರದೀನಿ, ಒಮ್ಮೆನೂ ಬರ್ಲಿಲ್ಲ" ಎಂದರು ಹಿಂದಿನಿಂದ.

"ನೀ ಗಬಕ್ಕನ ಬ್ರೇಕ್ ಒತ್ತೋದು ನೋಡಿದ್ರ ನನ್ನ ಎದಿ ಧಸಕ್ ಅಂತಿತ್ತಪ್ಪ. ಊರ ಮಂದಿಗೆಲ್ಲ ಹಂಗೇ ಆಗ್ತಿತ್ತು. ಮಗಳು ನೋಡು, ಹ್ಯಾಂಗ ಓಡಸಾಕತ್ತಾಳ! ನಿದ್ದಿ ಬರಂಗದ."

ಹಾಗಾದರೆ ಒಂದೂವರೆ ವರ್ಷ ಎಲ್ಲರೂ ಒಲ್ಲೆ ಎಂದದ್ದು ಮರ್ಯಾದೆಗಲ್ಲ, ಜೀವದ ಆಸೆಗೆ! ದೇವಿಂದ್ರಪ್ಪ ಉಳ್ಳಾಗಡ್ಡಿ ಗಂಟನ್ನು ಅಪ್ಪಿಕೊಂಡು ಕಿಟಕಿಯ ಹೊರಗೆ ನೋಡಿದರು.

ವೈಜನಾಥ ಕಾಕಾನ ಬಾಯಿಂದ ಸುದ್ದಿ ಬಸವಕಲ್ಯಾಣವನ್ನೆಲ್ಲ ಸುತ್ತಿತು. ಆ ಭಾನುವಾರ ಮನೀಷಾಳ ತವರಿನಲ್ಲಿ ತೊಟ್ಟಿಲು ಶಾಸ್ತ್ರ. ಹಿಂದಿನ ದಿನ ಪಕ್ಕದ ಅಂಗಡಿಯ ಶಂಕರಲಿಂಗ ಬಂದು ಕೌಂಟರಿಗೆ ಆತುಕೊಂಡ.

"ಸಾವಕಾರ್ರೇ, ಅಕ್ಕೋರ ಗಾಡಿ ನಾಳೆ ಹುಮನಾಬಾದಿಗಿ ಹೋಗ್ತದಂತಲ್ರಿ? ನನಗೊಂದು ಜಾಗಾ ಸಿಗ್ತದೇನು, ಕೇಳ್ರಿ ಜರಾ."

ದೇವಿಂದ್ರಪ್ಪ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಟಲು ಸರಿಪಡಿಸಿಕೊಂಡು ಕೇಳಿದರು. ಮನೀಷಾ ರೊಟ್ಟಿ ಬಡಿಯುವುದು ನಿಲ್ಲಿಸಿ ಹಿಟ್ಟಿನ ಬೆರಳು ಮಡಚಿದಳು.

"ಮುಂದ ವೈಜನಾಥ ಕಾಕಾ. ಹಿಂದ ಅತ್ತಿ, ಹೊಲಿಗಿ ಲತೀಫಾ ಚಾಚಿ. ಇನ್ನೊಂದದ. ಶಂಕರಲಿಂಗಣ್ಣಗ ಬಾ ಅನ್ರಿ."

"ಮತ್ತ ನಾನು?"

"ಎಂಟೂವರಿಗಿ ಬಸ್ ಅದರೀ" ಎಂದು ಮನೀಷಾ ಪ್ರೀತಿಯಿಂದಲೇ ಹೇಳಿದಳು. "ಜಲ್ದಿ ಹೋದ್ರ ಕಿಡಕಿ ಬಾಜೂ ಸಿಗ್ತದ."