ಖಾಲಿ ಬಿಟ್ಟ ವಿಳಾಸ

ಅಚ್ಚಪ್ಪ ಅಳಿಸಲು ಮರೆತದ್ದು ಒಂದೇ ಒಂದು ಸಾಲು.

ಅಚ್ಚಪ್ಪ ಅನ್ನುವುದು ಅವನ ನಿಜವಾದ ಹೆಸರೇನಲ್ಲ. ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ "ಒಂದು ಅಚ್ಚು ಸರಿಯಾಗಿ ಮಾಡಿಟ್ರೆ ಸಾಕು, ಎಲ್ಲರೂ ಅದನ್ನೇ ಬಳಸಬಹುದು" ಎಂದು ಸಿಕ್ಕಸಿಕ್ಕವರ ತಲೆ ತಿನ್ನುತ್ತಿದ್ದುದಕ್ಕೆ ಸಹೋದ್ಯೋಗಿಗಳು ಇಟ್ಟ ಹೆಸರು. ಅವನ ಅಚ್ಚೆಂದರೆ ಎಕ್ಸ್‌ಎಂಎಲ್ ಸ್ಕೀಮಾ. ವಿಳಾಸದಲ್ಲಿ ಏನೇನಿರಬೇಕೆಂದು ಅದರಲ್ಲಿ ಒಮ್ಮೆ ಬರೆದಿಟ್ಟರೆ ಔಷಧಿ, ಬಿಲ್, ವಾಹನ ಎಲ್ಲ ವಿಭಾಗಗಳಿಗೂ ಬೇಕಾದ ಕೋಡನ್ನು ಯಂತ್ರವೇ ಬರೆದುಕೊಡುತ್ತಿತ್ತು. ಪರೀಕ್ಷೆ ಮಾಡುವಾಗ ಜಾಗ ಖಾಲಿ ಇರಬಾರದೆಂದು ಅವನು ತನ್ನ ಬಾಡಿಗೆ ಮನೆಯ ವಿಳಾಸವನ್ನೇ ಡಿಫಾಲ್ಟ್ ಎಂದು, ಅಂದರೆ ಯಾರೂ ಏನೂ ತುಂಬದಿದ್ದಾಗ ತಾನಾಗಿ ಕೂರುವಂತೆ, ಅಚ್ಚಿನೊಳಗೆ ಸೇರಿಸಿದ್ದ. ಸೇರಿಸಿದವನು ಹಾಗೆಯೇ ಬಿಟ್ಟು, ಮಾರನೆಯ ದಿನ ರಜೆ ಹಾಕಿ ಮನೆಯಲ್ಲಿ ಕಾಲು ಚಾಚಿದ್ದ.

ಮಧ್ಯಾಹ್ನ ತಟ್ಟೆಗೆ ಕೈ ಹಾಕುವಷ್ಟರಲ್ಲಿ ಕರೆಗಂಟೆ ಹೊಡೆದುಕೊಂಡಿತು. ಬಾಗಿಲಲ್ಲಿ ಬೂದುಬಣ್ಣದ ಕಂಬಳಿ ಹೊದ್ದ ಮುದುಕರೊಬ್ಬರು.

"ಮನೆ ಬಂತಾ?" ಎಂದರು ಔಷಧಿಯ ಮಂಪರಿನಲ್ಲಿ. ಉತ್ತರಕ್ಕೂ ಕಾಯದೆ ಒಳಬಂದು, ಸೋಫಾದಲ್ಲಿ ಕುಳಿತು, ಎದುರಿನ ಬೋಳು ಗೋಡೆಯನ್ನೇ ನೋಡತೊಡಗಿದರು. ಅಚ್ಚಪ್ಪ ಹೊರಗೋಡುವಷ್ಟರಲ್ಲಿ ಆಸ್ಪತ್ರೆಯ ವ್ಯಾನು ತಿರುವು ದಾಟಿತ್ತು.

"ರೀ, ನಿಮ್ಮ ಕಡೆಯವರಾ?" ಹೆಂಡತಿ ಪಿಸುಗುಟ್ಟಿದಳು.

"ನಿನ್ನ ಕಡೆಯವರು ಅಂದ್ಕೊಂಡೆ."

ಮತ್ತೊಂದು ವ್ಯಾನು ಬಂತು. ಅದರ ಹಿಂದೆ ಇನ್ನೊಂದು. ಸಂಜೆಯ ಹೊತ್ತಿಗೆ ಸೋಫಾ, ಕುರ್ಚಿ, ಮಂಚ ಎಲ್ಲ ತುಂಬಿದವು. ಎಲ್ಲರಿಗೂ ಒಂದೇ ಬಣ್ಣದ ಕಂಬಳಿ, ಯಾರಿಗೂ ಮಾತಿಲ್ಲ. ಬಸ್ಸಿಗೆ ಕಾದವರಂತೆ ಕುಳಿತಿದ್ದರು. ಬಸ್ಸು ಎಲ್ಲಿಗೆಂದು ಕೇಳುವ ಧೈರ್ಯ ಅಚ್ಚಪ್ಪನಿಗಿರಲಿಲ್ಲ.

ಎದುರುಮನೆಯ ನಿವೃತ್ತ ಮೇಷ್ಟ್ರು ಕಿಟಕಿಯಲ್ಲಿ ಇಣುಕಿದರು. "ಏನಪ್ಪಾ, ಯಾರಾದ್ರೂ ಹೋಗ್ಬಿಟ್ರಾ? ಇಷ್ಟು ಜನ ಬಂದ್ರೂ ಸದ್ದೇ ಇಲ್ವಲ್ಲ!"

"ಹೋದೋರು ಯಾರೂ ಇಲ್ಲ ಮೇಷ್ಟ್ರೇ. ಬರೀ ಬರೋರೇ."

ಕೊನೆಗೆ ಬಂದವಳು ಒಣಕಲು ಅಜ್ಜಿ. ಅವಳು ಕೂರಲಿಲ್ಲ. ಕತ್ತಲು ಕವಿದಿದ್ದ ನಡುವಿನ ಓಣಿಗೆ ನೇರ ನಡೆದು, ಬೀರುವಿನ ಹಿಂದೆ ಕೈ ಹಾಕಿದಳು. ಟಕ್ ಎಂದಿತು. ಅಟ್ಟದ ಕೆಳಗೊಂದು ದೀಪ ಹೊತ್ತಿಕೊಂಡಿತು.

ಹೆಂಡತಿ ಅವನ ತೋಳು ಹಿಡಿದುಕೊಂಡಳು. "ಅಲ್ಲಿ ಸ್ವಿಚ್ ಇದ್ಯಾ?"

"ನಿನ್ನೆವರೆಗೂ ಇರ್ಲಿಲ್ಲ."

ಅಜ್ಜಿ ಅಡುಗೆಮನೆ ಹೊಕ್ಕು, ಡಬ್ಬಿಗಳನ್ನು ಒಂದೊಂದಾಗಿ ಬೇರೆ ಬೇರೆ ಕಡೆ ಇಡತೊಡಗಿದಳು, ಅವುಗಳ ಜಾಗ ಅದೇ ಎಂಬಂತೆ. ಅಚ್ಚಪ್ಪ ಮ್ಯಾನೇಜರಿಗೆ ಫೋನ್ ಹಚ್ಚಿದ.

"ಸರ್, ವಾಹನ ವಿಭಾಗದವರು ವಿಳಾಸ ಖಾಲಿ ಬಿಟ್ಟು ಕಳಿಸ್ತಾರಾ?"

"ಯಾವಾಗ್ಲೂ ಖಾಲೀನೇ ಕಣ್ರೀ. ಖಾಲಿ ಇದ್ರೆ ರೋಗಿಯ ಫೈಲಿನಿಂದ ತಗೋಬೇಕು ಅಂತಲ್ವಾ ನಾವು ಮಾಡಿರೋದು?"

ಅಚ್ಚಪ್ಪ ಫೋನಿಟ್ಟ. ಅವನ ಅಚ್ಚು ಯಾವ ಜಾಗವನ್ನೂ ಖಾಲಿ ಬಿಟ್ಟಿರಲಿಲ್ಲ. ಡಿಸ್ಚಾರ್ಜ್ ಆದವರಿಗೆಲ್ಲ ಇವತ್ತು ಇರುವುದು ಒಂದೇ ಮನೆ. ಕಂಪ್ಯೂಟರ್ ಎಳೆದುಕೊಂಡು ಆ ಸಾಲನ್ನು ಅಳಿಸಿದ. ಕೋಡನ್ನು ಹೊಸದಾಗಿ ಬರೆಸಿ ಕಳಿಸಿದ.

ವ್ಯಾನುಗಳು ಮರಳಿ ಬಂದವು. ಚಾಲಕರು ಫೋನಿನಲ್ಲಿ ವಿಳಾಸ ಓದುತ್ತ ಒಬ್ಬೊಬ್ಬರನ್ನೇ ಕೈಹಿಡಿದು ಕರೆದೊಯ್ದರು. ಕೊನೆಗೆ ಅಜ್ಜಿಯೊಬ್ಬಳೇ ಉಳಿದಳು.

"ಇವರದ್ದು ಇದೇ ಮನೆ ಸಾರ್," ಎಂದ ಕೊನೆಯ ವ್ಯಾನಿನ ಚಾಲಕ.

"ಅದು ಹಳೇ ತಪ್ಪು. ಇನ್ನೊಂದ್ಸಲ ತರಿಸಿ ನೋಡಪ್ಪ."

ಚಾಲಕ ತರಿಸಿ ನೋಡಿದ. "ಇದೇ ಸಾರ್."

ಅಚ್ಚಪ್ಪ ತಾನೇ ಅಜ್ಜಿಯ ಫೈಲು ತೆರೆದ. ಆಸ್ಪತ್ರೆಗೆ ಸೇರಿದ ದಿನ ಕೊಟ್ಟ ವಿಳಾಸ. ಅವನ ಅಚ್ಚು ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನದು. ಅದೇ ಬೀದಿ, ಅದೇ ಮನೆ.

ಆಗ ಮೇಷ್ಟ್ರು ಒಳಬಂದವರೇ ಅಜ್ಜಿಯನ್ನು ಕಂಡು ಬಾಗಿಲು ಹಿಡಿದು ನಿಂತರು.

"ಅಮ್ಮಾವ್ರೇ! ನೀವು ತೀರಿಹೋದ್ರಿ ಅಂತ ನಿಮ್ಮ ಅಳಿಯ ಬೀದಿಗೆಲ್ಲ ಹೇಳಿದ್ರಲ್ಲ!"

"ಹೇಳಿರ್ತಾನೆ," ಎಂದಳು ಅಜ್ಜಿ, ಕೈ ಒರೆಸಿಕೊಳ್ಳುತ್ತ. "ಆಸ್ಪತ್ರೆಗೆ ಸೇರಿಸಿದವನು ಆಮೇಲೆ ಮುಖಾನೇ ತೋರಿಸಲಿಲ್ಲ. ಮನೆ ಮಾತ್ರ ಇವತ್ತಿಗೂ ನನ್ನ ಹೆಸರಲ್ಲೇ ಇದೆ."

ಅಚ್ಚಪ್ಪನಿಗೆ ಮನೆ ಬಾಡಿಗೆಗೆ ಕೊಟ್ಟಿದ್ದವನು ಆ ಅಳಿಯನೇ.

ಅಜ್ಜಿ ಅವನನ್ನು ಕನಿಕರದಿಂದ ನೋಡಿದಳು. "ಸಾಮಾನು ಬಹಳ ಇದ್ಯೇನಪ್ಪಾ? ನಿಧಾನಕ್ಕೆ ಕಟ್ಕೊಳ್ಳಿ, ಅವಸರವಿಲ್ಲ. ನಾಳೆ ಹೊರಟ್ರೂ ಆಯ್ತು."

ಚಾಲಕನಿಗೂ ಪಾಪ ಅನಿಸಿತು. ಫೋನು ಕೈಗೆತ್ತಿಕೊಂಡು ಕೇಳಿದ:

"ನಾಳೆ ನಮ್ಮ ವ್ಯಾನೇ ತರ್ತೀನಿ ಸಾರ್. ಹೋಗೋ ವಿಳಾಸ ಹೇಳಿ, ಬರ್ಕೋತೀನಿ."