ಗಂಟೆ ತಾತ ಮತ್ತು ಗಂಟೆ ಪೆಟ್ಟಿಗೆ

ಚರ್ಚಿನಲ್ಲಿ ನಗಬಾರದು ಎಂದು ನಮ್ಮಮ್ಮ ಚಿಕ್ಕಂದಿನಲ್ಲೇ ತೊಡೆ ಚಿವುಟಿ ಹೇಳಿಕೊಟ್ಟಿದ್ದರು. ಅರವತ್ತು ದಾಟಿದರೂ ಆ ಪಾಠ ನನಗೆ ಬಂದಿಲ್ಲ. ಹಿರೇನಲ್ಲೂರಿನ ಶಾಲೆಯಿಂದ ರಿಟೈರ್ ಆಗಿ ಬಂದ ಮೇಲೆ ತರೀಕೆರೆಯ ನಮ್ಮ ಪುಟ್ಟ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ, ಕಮಿಟಿಯಲ್ಲೂ ಒಬ್ಬಳು. ಎರಡೂ ಕಡೆ ಮುಖ ಗಂಭೀರವಾಗಿ ಇಟ್ಟುಕೊಳ್ಳಬೇಕು. ಆದರೆ ತಿಂಗಳಿಗೊಮ್ಮೆಯಾದರೂ ಏನಾದರೂ ಆಗಿ, ಹಾರ್ಮೋನಿಯಂ ಹಿಂದೆ ತಲೆ ತಗ್ಗಿಸಿಕೊಂಡು ಕೂರುವ ಪರಿಸ್ಥಿತಿ ಬರುತ್ತದೆ. ಹೋದ ವರ್ಷ ಆದದ್ದೆಲ್ಲ ಗಂಟೆಯ ದೆಸೆಯಿಂದ.

ರೈಲು ಹೇಳಿದ ಹೊತ್ತು

ನಮ್ಮ ಚರ್ಚಿನ ಗಂಟೆ ಬಾರಿಸುವವರನ್ನು ಎಲ್ಲರೂ ಗಂಟೆ ತಾತ ಅನ್ನುತ್ತಾರೆ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಜಪದ ಗಂಟೆ. ಯಾರಾದರೂ ತೀರಿಕೊಂಡರೆ ಸಾವಿನ ಗಂಟೆ. ಅದಕ್ಕೆ ತಾತನದೇ ಒಂದು ಲೆಕ್ಕ: ಒಂದು ಬಡಿತ, ಆಮೇಲೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ನಿಧಾನವಾಗಿ ಒಂದು ಪರಲೋಕ ಜಪ, ಆಮೇಲೆ ಇನ್ನೊಂದು ಬಡಿತ. ಐವತ್ತು ವರ್ಷದಿಂದ ಇದೇ ಕೆಲಸ. ಕೈಯಲ್ಲಿ ಮಾತ್ರ ಒಂದು ವಾಚಿಲ್ಲ.

ಮಂಗಳೂರು ಕಡೆಯಿಂದ ಹೊಸ ಫಾದರ್ ಬಂದ ವಾರ. ಬೆಳಗಿನ ಗಂಟೆ ಹೊಡೆದಾಗ ಅವರು ಮೆಟ್ಟಿಲ ಮೇಲೆ ವಾಚು ನೋಡುತ್ತ ನಿಂತಿದ್ದರು.

"ಎಂತ ಮಾರಾಯ್ರೆ, ಆರೂ ಇಪ್ಪತ್ತು ಆಯ್ತಲ್ಲ?"

"ಇಲ್ಲ ಫಾದರ್, ಈಗ ಆರು. ರೈಲು ಈಗ್ತಾನೆ ಕೂಗ್ತು."

"ರೈಲು ಲೇಟಾಗಿರಬಹುದಲ್ಲ?"

ತಾತ ಹಗ್ಗದ ತುದಿಯನ್ನು ಗೂಟಕ್ಕೆ ಸುತ್ತಿದರು. "ರೈಲೇ ಬರದಿದ್ಮೇಲೆ ನಾವೊಬ್ರೇ ಮುಂದೆ ಹೋಗಿ ಏನ್ ಮಾಡಾಣ ಫಾದರ್?"

ಬೆತ್ಲೆಹೇಮಿನ ಬೆಳೆ

ಕ್ರಿಸ್ಮಸ್ ಹತ್ತಿರ ಬಂದಾಗ ನಮ್ಮಲ್ಲಿ ತಟ್ಟೆಗಳಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲುತ್ತೇವೆ. ಹಬ್ಬದ ಹೊತ್ತಿಗೆ ಗೇಣುದ್ದ ಪೈರು ಬರುತ್ತದೆ. ಅದನ್ನು ಬೊಂಬೆಗಳ ಗೋದಲಿಯ ಸುತ್ತ ಇಟ್ಟರೆ ಬಾಲಯೇಸುವಿನ ಮುಂದೆ ಹಸಿರು ಹೊಲ. ಆ ಸಲ ಪೈರು ಕಾಯುವ ಕೆಲಸವನ್ನು ಫಾದರ್ ತಾತನಿಗೆ ಒಪ್ಪಿಸಿದರು. ಯಾಕೆಂದರೆ ಪಕ್ಕದ ಟೀ ಅಂಗಡಿ ಸಾಬರ ಮೇಕೆ ಕಾಂಪೌಂಡಿನ ಮೇಲೆ ಕತ್ತು ಇಟ್ಟುಕೊಂಡು ಮೂರು ದಿನದಿಂದ ನಮ್ಮ ಹೊಲವನ್ನೇ ನೋಡುತ್ತಿತ್ತು.

ತಾತ ಕೋಲು ಹಿಡಿದು ಕದಲದೆ ಕೂತರು. ಆದರೆ ಹನ್ನೆರಡಾದರೆ ಏಳಲೇಬೇಕಲ್ಲ? ಗಂಟೆ ಹೊಡೆದು, ಜಪ ಹೇಳಿ, ಮೂರೇ ನಿಮಿಷಕ್ಕೆ ವಾಪಸು ಬಂದರು. ಬೆತ್ಲೆಹೇಮು ಬರಡಾಗಿತ್ತು. ಮೇಕೆ ಏಳನೇ ತಟ್ಟೆ ನೆಕ್ಕುತ್ತಿತ್ತು.

"ಅದಕ್ಕೂ ನನ್ ಗಂಟೆ ಟೈಮ್ ಗೊತ್ತು ಫಾದರ್" ಎಂದರು ತಾತ. ದುಃಖದ ಮಧ್ಯೆಯೂ ಆ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಸಾಬರಿಗೆ ನಾಚಿಕೆಯಾಗಿ ಹೋಯಿತು. ಅವರ ಹೆಂಡತಿ ಹಿತ್ತಲಿನಲ್ಲಿ ಬೆಳೆಸಿದ್ದ ಮೆಂತ್ಯದ ಪಾತಿಯನ್ನೇ ಮಣ್ಣು ಸಮೇತ ಎತ್ತಿ ಕಳಿಸಿಕೊಟ್ಟರು. ಆ ವರ್ಷ ಕುರುಬರು, ಒಂಟೆಗಳು, ಮೂವರು ಜ್ಞಾನಿಗಳು ಎಲ್ಲರೂ ಮೆಂತ್ಯದ ಹೊಲದಲ್ಲಿ ನಿಂತರು. ಗೋದಲಿ ನೋಡಲು ಬಂದ ಅಜ್ಜಂಪುರದವರು ಬಹಳ ಹೊತ್ತು ಕೈಮುಗಿದುಕೊಂಡು ನಿಂತಿದ್ದರು. ಹೊರಡುವಾಗ ಒಬ್ಬರು ನನ್ನ ಹತ್ತಿರ ಬಂದು, "ಭಾಳ ಚೆನ್ನಾಗೈತೆ ಟೀಚರಮ್ಮ. ಆದ್ರೆ ಯಾಕೋ ನೋಡ್ತಾ ನೋಡ್ತಾ ಹೊಟ್ಟೆ ಹಸೀತು" ಎಂದರು.

ಪೆಟ್ಟಿಗೆಗೆ ಆಶೀರ್ವಾದ

ನಾವೆಲ್ಲ ನಕ್ಕೆವು. ಫಾದರ್ ನಗಲಿಲ್ಲ. ಗಂಟೆ ತಾನಾಗಿ ಹೊಡೆದುಕೊಂಡಿದ್ದರೆ ತಾತ ಏಳಬೇಕಾಗಿರಲಿಲ್ಲ, ರಾಗಿಯೂ ಉಳಿಯುತ್ತಿತ್ತು, ರೈಲಿನ ಕಾಟವೂ ಇರುತ್ತಿರಲಿಲ್ಲ ಎಂದು ಕಮಿಟಿಯಲ್ಲಿ ಹೇಳಿದರು. ದೊಡ್ಡ ಊರಿನ ಚರ್ಚುಗಳಲ್ಲಿ ಈಗ ಆಟೋಮ್ಯಾಟಿಕ್ ಗಂಟೆ ಬಂದಿದೆಯಂತೆ. ಒಂದು ಪೆಟ್ಟಿಗೆ, ಗೋಪುರದ ಮೇಲೊಂದು ಸ್ಪೀಕರ್, ಅಷ್ಟೇ. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ಬಾಗಿಲ ಹತ್ತಿರ ತಾತ ನಿಂತಿದ್ದರು. ಆ ಕಡೆ ನೋಡದೆ ನಾನೂ ಎತ್ತಿದೆ. ಈಗಲೂ ನೆನೆದರೆ ಆ ಕೈಯ ಮೇಲೆ ನನಗೆ ಸಿಟ್ಟು ಬರುತ್ತದೆ.

ಪೆಟ್ಟಿಗೆ ಬಂತು. ಅದಕ್ಕೆ ಐದು ಗುಂಡಿ: ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮದುವೆ, ಸಾವು. ಹಳೆ ಹಗ್ಗವನ್ನು ಸುತ್ತಿ ಮೇಲಕ್ಕೆ ಕಟ್ಟಲು ಫಾದರ್ ತಾತನಿಗೇ ಹೇಳಿದರು. ತಾತ ಕಟ್ಟಿ ಕೆಳಗಿಳಿದು, "ನಾಳೆಯಿಂದ ನಾನೇನ್ ಮಾಡ್ಲಿ ಫಾದರ್?" ಎಂದರು.

"ವಿಶ್ರಾಂತಿ ತೆಗೊಳ್ಳಿ ಮಾರಾಯ್ರೆ."

"ಅದ್ನ ಹೆಂಗ್ ಮಾಡಾದು?"

ಫಾದರ್ ಪೆಟ್ಟಿಗೆಯನ್ನು ಆಶೀರ್ವದಿಸಲು ಹೊರಟರು. ಒಳ್ಳೆಯ ಮನಸ್ಸಿನವರು, ಯಾವುದನ್ನೂ ಅರ್ಧ ಮಾಡುವವರಲ್ಲ. ಪವಿತ್ರ ಜಲವನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಧಾರಾಳವಾಗಿ ಚಿಮುಕಿಸಿದರು. ಪೆಟ್ಟಿಗೆ ಒಳಗಿಂದ ಚಟ್ ಅಂದಿತು. ಸಣ್ಣಗೆ ಹೊಗೆ ಬಂತು. ಫಿಟ್ ಮಾಡಲು ಬಂದಿದ್ದ ಮೆಕ್ಯಾನಿಕ್ ತಲೆ ಮೇಲೆ ಕೈ ಹೊತ್ತು, "ಫಾದರ್, ವಾರಂಟಿ ಕಾರ್ಡಲ್ಲಿ ಮಳೆಗೆ ಕೊಟ್ಟವ್ರೆ, ಇದಕ್ಕೆ ಕೊಟ್ಟಿಲ್ಲ" ಎಂದ.

ತಾತ ಹತ್ತಿರ ಬಂದು ಪೆಟ್ಟಿಗೆಯನ್ನು ಬಗ್ಗಿ ನೋಡಿದರು. "ನಾನು ಕೆಲ್ಸಕ್ಕೆ ಸೇರ್ದಾಗ ಆಗಿನ ಫಾದರ್ರು ನನ್ ತಲೆ ಮೇಲೂ ಹಿಂಗೇ ಹಾಕಿದ್ರು. ನಾನೇನ್ ಕೆಟ್ಟೋಗ್ಲಿಲ್ಲಪ್ಪ."

ಸಾಬರ ಮೂರು ಊಟ

ರಿಪೇರಿಯಾಗಿ ಬಂದ ಪೆಟ್ಟಿಗೆಗೆ ಒಂದು ಹೊಸ ಚಾಳಿ ಅಂಟಿಕೊಂಡಿತ್ತು. ಕರೆಂಟ್ ಹೋಗಿ ಬಂದರೆ ಅದಕ್ಕೆ ಹೊತ್ತು ಮರೆತುಹೋಗುತ್ತಿತ್ತು. ತೋಚಿದ ಗಂಟೆ ಹೊಡೆದುಬಿಡುತ್ತಿತ್ತು. ನಮ್ಮ ಬೀದಿಯಲ್ಲಿ ಕರೆಂಟು ದಿನಕ್ಕೆಷ್ಟು ಸಲ ಹೋಗಿ ಬರುತ್ತದೆಂದು ನಾನು ಹೇಳಬೇಕಾಗಿಲ್ಲ.

ಒಂದು ದಿನ ಟೀ ಅಂಗಡಿ ಸಾಬರು ಹೊಟ್ಟೆ ಹಿಡಿದುಕೊಂಡು ಬಂದರು. "ಅರೆ ಫಾದರ್, ಮೂವತ್ತು ವರ್ಷದಿಂದ ನಿಮ್ ಮಧ್ಯಾಹ್ನದ ಗಂಟೆ ಕೇಳಿದ್ರೆ ನಾನು ಮನೆಗೋಗಿ ಉಣ್ಣೋದು. ಇವತ್ತು ಮೂರು ಸಲ ಹೊಡೀತು."

"ಅದಕ್ಕೆ ಮೂರು ಸಲ ಉಂಡ್ರಾ?"

"ಎರಡು ಸಲ ನಾನುಂಡೆ. ಮೂರನೇ ಸಲ ಮನೆಯವಳು ಮೇಕೆಗೆ ಹಾಕಿದ್ಲು."

ತಾತ ಮಾತ್ರ ಮೂರು ಭಾನುವಾರ ಪೂಜೆಗೆ ಬರಲಿಲ್ಲ. ಐವತ್ತು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿದವರಲ್ಲ. ಮನಸ್ಸು ತಡೆಯದೆ ಅವರ ಮನೆಗೆ ಹೋದೆ. ಹಾಸಿಗೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು.

"ಮಂಡಿ ನೋವು ಟೀಚರಮ್ಮ" ಎಂದರು.

ಅಡುಗೆಮನೆಯಿಂದ ಅವರ ಹೆಂಡತಿ ಅಜ್ಜಿಯ ದನಿ ಬಂತು. "ಮಂಡಿಗೇನೂ ಆಗಿಲ್ಲ ಕಣ್ರೀ. ಆರು ಗಂಟೆ ಆದ್ರೆ ಹಿತ್ಲಿಗೋಗಿ ನಾನು ಸೀರೆ ಒಣಗಾಕೋ ಹಗ್ಗ ಜಗ್ತಾರೆ. ಈ ತಿಂಗ್ಳಲ್ಲಿ ಎರಡು ಹಗ್ಗ ಕಿತ್ತಾಕವ್ರೆ."

ನಗಬೇಕೋ ಅಳಬೇಕೋ ತಿಳಿಯದೆ ಕಾಫಿ ಕುಡಿದು ಎದ್ದು ಬಂದೆ.

ಸಾವಿನ ಗಂಟೆ

ಅದರ ಮರು ಶನಿವಾರ ಫಾದರ್ ಸಂಜೆಯ ಪೂಜೆಗೆಂದು ಅಜ್ಜಂಪುರಕ್ಕೆ ಹೋಗಿದ್ದರು. ಮೂರೂವರೆಗೆ ಕರೆಂಟ್ ಬಂತು. ಹಿಂದೆಯೇ ಗೋಪುರದಿಂದ ಸಾವಿನ ಗಂಟೆ ಶುರುವಾಯಿತು.

ನಾನು ಮೆಟ್ಟು ಹಾಕಿಕೊಳ್ಳುವುದನ್ನೂ ಮರೆತು ಬೀದಿಗೆ ಬಂದೆ. ಎಲ್ಲರೂ ಬಂದಿದ್ದರು. ಯಾರು, ಯಾರು ಎಂದು ಎಲ್ಲರೂ ಕೇಳುವವರೇ. ಒಂದು ತಿಂಗಳಿಂದ ಹಾಸಿಗೆ ಹಿಡಿದವರು ಯಾರು, ಪೂಜೆಗೆ ಬರದವರು ಯಾರು? ಉತ್ತರ ಎಲ್ಲರಿಗೂ ಒಂದೇ ಸಲ ಹೊಳೆಯಿತು. ಪೆಟ್ಟಿಗೆಯ ಚಾಳಿ ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಸಾವಿನ ಗಂಟೆ ಕೇಳಿದ ಮೇಲೆ ಯಾರು ಮೆಷಿನ್ ಬಗ್ಗೆ ಯೋಚಿಸುತ್ತಾರೆ? ನಾನು ಎತ್ತಿದ ಕೈಯೇ ಅವರನ್ನು ಕೊಂದಿತು ಎಂದುಕೊಳ್ಳುತ್ತ ಬರಿಗಾಲಲ್ಲೇ ತಾತನ ಮನೆ ಕಡೆ ನಡೆದೆ. ಸಾಬರು ಅಂಗಡಿಯನ್ನು ಹಾಗೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿ ದೊಡ್ಡ ಸೇವಂತಿಗೆ ಹಾರ ತಂದರು. ನಾಲ್ಕರ ಪೂಜೆಗೆ ಇನ್ನೇನು ನಿಲ್ಲಲಿದ್ದ ಫಾದರಿಗೆ ಯಾರೋ ಫೋನ್ ಮಾಡಿದರು.

ಬಾಗಿಲಲ್ಲಿ ಅಷ್ಟು ಜನರನ್ನು ಹಾರದ ಸಮೇತ ಕಂಡು ಅಜ್ಜಿ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಅವರು ಅತ್ತದ್ದು ನೋಡಿ ನಾವೂ ಅತ್ತೆವು. ಚೆನ್ನಾಗಿ ಅತ್ತಾದ ಮೇಲೆ ಅಜ್ಜಿ ಮೂಗು ಒರೆಸಿಕೊಂಡು ಕೇಳಿದರು.

"ಯಾರಂತೆ ಟೀಚರಮ್ಮ, ಪಾಪ?"

ನಾನು ಸಾಬರ ಕಡೆ ತಿರುಗಿದೆ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಯಾರೋ ಜನರನ್ನು ಸರಿಸಿಕೊಂಡು ಬಂದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ತಾತ.

"ಎಲ್ರೂ ಇಲ್ಲೇ ಇದೀರಾ? ನಾನು ಹಿಂದ್ಗಡೆ ದಾರೀಲಿ ಚರ್ಚ್‌ಗೋಗಿ ಬಂದೆ. ಅಲ್ಲಿ ಒಂದ್ ನರಪಿಳ್ಳೆ ಇಲ್ಲ. ಯಾರಪ್ಪಾ ತೀರ್ಕೊಂಡಿದ್ದು?"

ಸಾಬರು ಹಾರವನ್ನು ಬೆನ್ನ ಹಿಂದೆ ಅಡಗಿಸಲು ನೋಡಿದರು, ಹಾರ ದೊಡ್ಡದಿತ್ತು. ಕೊನೆಗೆ ಅವರೇ ಹೇಳಿದರು. "ನೀವೇ ತಾತ."

ತಾತ ಜಗುಲಿಯ ಮೇಲೆ ಕೂತರು. ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಅವರ ಮುಖ ಕೆಂಪಗಾಯಿತು.

"ಅಲ್ಲ ಕಣ್ರೀ, ನನ್ಗೆ ಅಂತ ಹೊಡ್ದಿದ್ದಾ ಅದು? ಎರಡು ಬಡ್ತದ ಮಧ್ಯೆ ಅರ್ಧ ಪರಲೋಕ ಜಪಾನೂ ಹಿಡಿಯಲ್ಲ! ಊರಲ್ಲಿ ಎಲ್ರಿಗೂ ನಿಧಾನಕ್ಕೆ ಬಾರ್ಸಿ ಕಳ್ಸಿದೀನಿ. ನನ್ನ ಮಾತ್ರ ಹಿಂಗೆ ಬಸ್ಸಿಗೆ ಹತ್ತಿಸ್ದಂಗೆ ಕಳ್ಸಾದಾ?"

ಐದೂವರೆಗೆ ಫಾದರ್ ಬೈಕಿನಲ್ಲಿ ಬಂದರು. ಕಣ್ಣು ಕೆಂಪಗಿತ್ತು, ಕೈಯಲ್ಲಿ ಇನ್ನೊಂದು ಹಾರ. ಜಗುಲಿಯ ಮೇಲೆ ಟೀ ಕುಡಿಯುತ್ತಿದ್ದ ತಾತನನ್ನು ಕಂಡು ಅಲ್ಲೇ ನಿಂತುಬಿಟ್ಟರು.

"ಅಯ್ಯೋ ದೇವರೇ! ಅಜ್ಜಂಪುರದಲ್ಲಿ ನಾನು ನಿಮ್ಮ ಆತ್ಮಕ್ಕೆ ಪೂಜೆ ಅರ್ಪಿಸಿ ಆಯ್ತಲ್ಲ ಮಾರಾಯ್ರೆ!"

"ಇರ್ಲಿ ಬಿಡಿ ಫಾದರ್. ಹೆಂಗೂ ಬೇಕಾಗ್ತದೆ."

ಫಾದರ್ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಸೀದಾ ಚರ್ಚಿಗೆ ಹೋಗಿ ಪೆಟ್ಟಿಗೆಯ ವೈರು ಕಿತ್ತರು. ಏಣಿ ಹತ್ತಿ ಹಗ್ಗವನ್ನು ತಾವೇ ಬಿಚ್ಚಿ ಕೆಳಗೆ ಬಿಟ್ಟರು. "ನೀವು ಬದುಕಿದ್ದೀರಿ ಅಂತ ಊರಿಗೆ ನೀವೇ ಹೇಳಿ" ಎಂದರು.

ಅರ್ಧ ತರೀಕೆರೆ ಚರ್ಚಿನ ಅಂಗಳದಲ್ಲಿ ನಿಂತಿತ್ತು. ತಾತ ಹಗ್ಗ ಹಿಡಿದರು. ಆದರೆ ಜಗ್ಗಲಿಲ್ಲ. ಆರಾಯಿತು. ಆರೂ ಹತ್ತಾಯಿತು. ಸಾಬರು ಕೈಯಲ್ಲಿ ಹಾರ ಹಿಡಿದು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದರು. ಆಗ ದೂರದಲ್ಲಿ, ಬೀರೂರು ಕಡೆಯಿಂದ, ರೈಲು ಕೂಗಿತು. ತಾತ ಹಗ್ಗ ಜಗ್ಗಿದರು.

ಫಾದರ್ ವಾಚು ನೋಡಿಕೊಂಡರು. ಆರೂ ಇಪ್ಪತ್ತು. ಮುಳ್ಳನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ನನ್ನ ಕಡೆ ನೋಡಿ, "ಸರಿಯಾಗಿ ಆರು ಟೀಚರೇ" ಎಂದರು.